ಗೋಡೆಯ ಆಚೆ ಕೇಳಿಸದಂತೆ ಅಳುವುದು

ಶಾಲೆಯ ಸಭಾಂಗಣದಲ್ಲಿ ಅಂದು ಮಕ್ಕಳ ತಾಯ್ತಂದೆಯರಿದ್ದರು, ನಮ್ಮ ಓಣಿಯ ಮುದುಕ ಮುದುಕಿಯರಿದ್ದರು, ಪಕ್ಕದ ಮನೆಯ ಬ್ರೆಂಡಾ ಇದ್ದಳು, ಕೆಲಸದ ಬಟ್ಟೆಯಲ್ಲೇ ಓಡಿಬಂದ ನಮ್ಮನೆಯವರಿದ್ದರು, ನಾನಿದ್ದೆ. ವೇದಿಕೆಯ ಮೇಲೆ ಪಿಟೀಲು, ಕೊಳಲು, ತುತ್ತೂರಿ ಹಿಡಿದ ಮಕ್ಕಳು. ಅವರ ನಡುವೆ ನನ್ನ ಮಗಳು ಅಶ್ವಿನಿ. ಇಂಗ್ಲೆಂಡಿನವನೇ ಯಾರೋ ಹಿಂದಿನ ಕಾಲದಲ್ಲಿ ಕಟ್ಟಿದ ವಾದ್ಯಸಂಗೀತವಂತೆ, ಇಲ್ಲಿಯ ಜನಕ್ಕೆ ಅದೆಂದರೆ ಜೀವ. ಹಾಡುವವರಿಲ್ಲ, ಮಾತಿಲ್ಲ. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಶುರುವಾಗಿ ನಿಧಾನಕ್ಕೆ ಏರತೊಡಗಿತು. ಪಕ್ಕಕ್ಕೆ ತಿರುಗಿದರೆ ಬ್ರೆಂಡಾ ಅಳುತ್ತಿದ್ದಾಳೆ. ಮುಂದಿನ ಸಾಲಿನ ಎತ್ತರದ ಗಂಡಸೂ ಅಳುತ್ತಿದ್ದಾನೆ. ಯಾರ ಬಾಯಿಂದಲೂ ಸೊಲ್ಲಿಲ್ಲ. ಕಾಗದದ ಕರವಸ್ತ್ರ ಮಾತ್ರ ಕೈಯಿಂದ ಕೈಗೆ ದಾಟುತ್ತಿದೆ. ಇಷ್ಟೂ ಜನರ ಮನೆಯಲ್ಲಿ ಒಂದೇ ದಿನ ಸಾವಾಗಿ, ನನಗೊಬ್ಬಳಿಗೇ ಸುದ್ದಿ ಮುಟ್ಟಿಲ್ಲವೇನೋ ಎಂದು ಎದೆ ಝಲ್ಲೆಂದಿತು.

‘ಏನಾತ್ರೀ ಇವರಿಗಿ?’ ಎಂದು ನಮ್ಮನೆಯವರ ಕಿವಿಯಲ್ಲಿ ಕೇಳಿದೆ.

‘ಏನೂ ಆಗಿಲ್ಲ, ಸುಮ್ಕ ಕೂಡು. ಇದು ಇವರ ಭಜನಿ.’

‘ಭಜನ್ಯಾಗ ತಾಳ ಹಾಕ್ತಾರ, ಹಿಂಗ ಅಳ್ತಾರೇನ್ರಿ?’

ಹೊರಗೆ ಬಂದಾಗ ಬ್ರೆಂಡಾ ಮೂಗು ಒರೆಸಿಕೊಳ್ಳುತ್ತ ಹೇಳಿದಳು: ‘ನಮ್ಮಪ್ಪನನ್ನು ಮಣ್ಣು ಮಾಡಿದ ದಿನ ಇದನ್ನೇ ನುಡಿಸಿದ್ದರು, ಲವ್. ನಿನಗೆ ಏನನ್ನಿಸಿತು?’ ಇಲ್ಲಿ ಅಂಗಡಿಯವರೂ ಬಸ್ಸಿನವರೂ ಗುರುತಿಲ್ಲದವರನ್ನು ಕೂಡ ‘ಲವ್’ ಎಂದು ಕರೆಯುತ್ತಾರೆ, ನಮ್ಮಲ್ಲಿ ‘ಯವ್ವಾ’ ಎಂದಂತೆ. ಚೆನ್ನಾಗಿತ್ತು ಎಂದೆ. ನಿಜ ಹೇಳಬೇಕೆಂದರೆ ನನಗೆ ಏನೂ ಅನ್ನಿಸಿರಲಿಲ್ಲ.

ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕೆಲಸ ಕಲಿತ ನಮ್ಮನೆಯವರಿಗೆ ಈ ಊರಿನ ಯಂತ್ರದ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತೆಂದು ನಾವು ಬಂದವರು. ನನಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಗುಜರಾತಿ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಹಳೆಯದು, ತಟ್ಟಿದರೆ ಒಡೆಯುತ್ತದೆ. ಒಡೆಯದೆ ಎದ್ದ ಮೊದಲ ರೊಟ್ಟಿಯನ್ನು ಫೋನಿನಲ್ಲಿ ಊರಿನಲ್ಲಿ, ಸಿರ್ಗಾಪುರದಲ್ಲಿದ್ದ ನನ್ನ ಒಡಹುಟ್ಟಿದ ಶಾಂತಕ್ಕನಿಗೆ ತೋರಿಸಿದ್ದೆ. ‘ದುಂಡಗ ಬರ್ಲಿಲ್ಲ ಬಿಡು, ಭೂಪಟ ಆಗ್ಯಾದ’ ಎಂದು ನಕ್ಕಿದ್ದಳು. ಮನೆ ಟೆರೇಸ್ ಮನೆ. ನಮ್ಮ ಕಡೆಯ ಮಾಳಿಗೆಯಲ್ಲ. ಸಾಲಾಗಿ ಅಂಟಿಸಿ ಕಟ್ಟಿದ ಮನೆಗಳಿಗೆ ಇಲ್ಲಿ ಹಾಗೆನ್ನುತ್ತಾರೆ. ನಮಗೂ ಬ್ರೆಂಡಾಗೂ ನಡುವೆ ಒಂದೇ ಗೋಡೆ. ಅವಳು ಚಮಚ ಇಟ್ಟರೆ ನಮಗೆ ಕೇಳಿಸುತ್ತದೆ.

ಆ ಚಳಿಗಾಲದಲ್ಲೇ ಫೋನು ಬಂತು. ಶಾಂತಕ್ಕ ಹೋದಳು. ತೊಗರಿ ರಾಶಿಯಿಂದ ಮನೆಗೆ ಬಂದು ನೀರು ಕೇಳಿದಳಂತೆ, ನೀರು ತರುವಷ್ಟರಲ್ಲಿ ಇಲ್ಲ.

ನಮ್ಮಲ್ಲಿ ಹೆಣ್ಣುಮಕ್ಕಳು ಹಾಡಿ ಅಳುತ್ತಾರೆ. ಸತ್ತವರು ಮಾಡಿದ್ದನ್ನು ಒಂದೊಂದಾಗಿ ಕರೆದು, ಎದೆ ಬಡಿದುಕೊಂಡು, ದನಿ ತೆಗೆದು ಅಳದಿದ್ದರೆ ಆ ಸಾವಿಗೆ ಮರ್ಯಾದೆ ಇಲ್ಲ. ನಾನು ಅಡುಗೆಮನೆಯ ನೆಲಕ್ಕೆ ಕುಸಿದು ಶುರುಮಾಡಿದೆ. ‘ನನ್ನ ತಲಿ ಬಾಚಿದಾಕೀ ನನ್ನಕ್ಕಾ… ಹಳ್ಳ ಬಂದಾಗ ಹೆಗಲ ಮ್ಯಾಲ ಹೊತ್ತಾಕೀ ನನ್ನಕ್ಕಾ… ನನ್ನ ಮಗಳ್ನ ಎರದು ತೂಗಿದಾಕೀ…’ ಇನ್ನೂ ಅವಳ ಮದುವೆಯವರೆಗೂ ಬಂದಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು. ಇಬ್ಬರು ಪೊಲೀಸರು. ಯಾರಾದರೂ ಹೊಡೆಯುತ್ತಿದ್ದಾರೆಯೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ನಮ್ಮನೆಯವರು ಗೋಡೆಗೆ ಒರಗಿ ಕಳ್ಳರಂತೆ ನಿಂತಿದ್ದರು. ಅಶ್ವಿನಿ ಮುಂದೆ ಬಂದು ಇಂಗ್ಲಿಷಿನಲ್ಲಿ ಹೇಳಿದಳು: ‘ಅವ್ವನ ಅಕ್ಕ ತೀರಿಕೊಂಡಿದ್ದಾರೆ. ಅವರ ಊರಲ್ಲಿ ಹೀಗೇ ಅಳುತ್ತಾರೆ.’

ಮೂರು ವರ್ಷದವರೆಗೆ ಆ ಊರಲ್ಲೇ, ಶಾಂತಕ್ಕನ ಮಡಿಲಲ್ಲೇ ಬೆಳೆದ ಮಗಳು.

ಪೊಲೀಸರು ಕ್ಷಮೆ ಕೇಳಿ ಹೋದರು. ಮರುದಿನ ಬ್ರೆಂಡಾ ಕೇಕು ತಂದು, ‘ನಿನ್ನನ್ನು ಯಾರೋ ಕೊಲ್ಲುತ್ತಿದ್ದಾರೆ ಅಂದುಕೊಂಡೆ, ಲವ್’ ಎಂದು ನನ್ನ ಕೈಹಿಡಿದು ತಾನೂ ಅತ್ತಳು, ಸದ್ದಿಲ್ಲದೆ. ಅವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಆದರೆ ನನ್ನ ಅಳು ಅರ್ಧಕ್ಕೇ ನಿಂತುಬಿಟ್ಟಿತು. ಆಮೇಲೆ ಬಂದಾಗಲೆಲ್ಲ ಟವೆಲ್ಲು ಬಾಯಿಗಿಟ್ಟುಕೊಂಡೆ. ರಜೆ ಸಿಗಲಿ, ಸಿರ್ಗಾಪುರದ ಹೊಸ್ತಿಲಲ್ಲಿ ಕೂತು ಉಳಿದಿದ್ದನ್ನು ಅತ್ತು ಮುಗಿಸುತ್ತೇನೆ ಎಂದು ಮನಸ್ಸಿಗೆ ಹೇಳಿಕೊಂಡೆ. ಆ ವರ್ಷವೆಲ್ಲ ಅದೊಂದನ್ನೇ ಕಾದೆ.

ಒಂದು ಭಾನುವಾರ ನೋಡಿದರೆ ಅಶ್ವಿನಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಅಳುತ್ತಿದ್ದಳು. ಅದೇ ಸಂಗೀತ. ನನ್ನ ನಾಲಿಗೆ ಸುಮ್ಮನಿರಲಿಲ್ಲ.

‘ದೊಡ್ಡವ್ವ ಸತ್ತಾಗ ಒಂದ್ ಹನಿ ಬರ್ಲಿಲ್ಲ, ಈ ಕಟಗಿ ಕುಂಯ್ ಅಂದ್ರ ಅಳ್ತೀಯೇನ?’

‘ದೊಡ್ಡವ್ವನ ಸಲುವಾಗೇ ಅಳಾಕತ್ತೀನಿ. ನೀ ಒದರಿದಾಗ ನನಗ ಅಂಜಿಕಿ ಬಂತು ಅವ್ವಾ. ಇದ್ರಾಗ ಅಂಜಿಕಿ ಇಲ್ಲ.’

ಒಂದು ಇಯರ್‌ಫೋನು ತೆಗೆದು ನನ್ನ ಕಿವಿಗಿಟ್ಟಳು. ಸರಿದು ಕೂತು ಕೇಳಿದೆ. ನಿಧಾನಕ್ಕೆ ಏರಿತು, ಒಮ್ಮೆ ತುಂಬಿ ಬಂತು, ಇಳಿಯಿತು. ನನ್ನ ಅಕ್ಕ ಅದರಲ್ಲಿ ಎಲ್ಲಿದ್ದಾಳೆಂದು ಹುಡುಕಿದೆ. ಅವಳ ಹೆಸರಿಲ್ಲ, ತೊಗರಿ ಹೊಲವಿಲ್ಲ, ಹಳ್ಳವಿಲ್ಲ. ಹೆಸರಿಲ್ಲದೆ ಯಾರಿಗಾಗಿ ಅಳುವುದು? ಇಯರ್‌ಫೋನು ತೆಗೆದು ಮಗಳ ಕೈಗೆ ಕೊಟ್ಟೆ.

ಶಾಂತಕ್ಕನ ವರ್ಷದ ತಿಥಿಯ ಊಟಕ್ಕೆ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ನಾರಾಯಣಖೇಡದಲ್ಲಿ ಬಸ್ಸಿಳಿದು ಸಿರ್ಗಾಪುರದ ಹಾದಿ ಹಿಡಿದೆವು. ಹೊಸ್ತಿಲಲ್ಲೇ ಶಾಂತಕ್ಕನ ಸೊಸೆ ಸುಜಾತಾ ಕೊರಳಿಗೆ ಬಿದ್ದಳು, ಹಿಂದೆಯೇ ಓಣಿಯ ಹೆಂಗಸರು. ‘ನಿಮ್ಮ ತಂಗಿ ಬಂದಾಳ ಏಳ್ರಿ ಅತ್ತೀ…’ ಎಂದು ಸುಜಾತಾ ದನಿ ತೆಗೆದಳು. ನಾನು ಬಾಯಿ ತೆರೆದೆ. ‘ನನ್ನಕ್ಕಾ’ ಎಂದೆ. ಅಷ್ಟರಲ್ಲಿ ನನ್ನ ಕಿವಿ ತಾನಾಗಿ ಪಕ್ಕದ ಗೋಡೆಯ ಕಡೆ ಹೋಯಿತು. ದನಿ ಅಲ್ಲೇ ನಿಂತಿತು.

‘ಅಳು ಸಣ್ಣತ್ತೀ, ತಡಕೋಬ್ಯಾಡ,’ ಎಂದು ಸುಜಾತಾ ಬೆನ್ನು ಸವರಿದಳು.

ಎದುರುಮನೆಯ ಕಾಶಮ್ಮ ಕಾಯಲಿಲ್ಲ. ‘ಎಲ್ಲಿ ಅಳ್ತಾಳ? ದೊಡ್ಡ ದೇಶದಾಕಿ ಆಗ್ಯಾಳ. ಒಡಹುಟ್ಟಿದಾಕಿಗಿ ಒಂದ್ ಮಾತು ಹಾಡಾಕ ಬರವಲ್ದು.’

ನನ್ನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಅದನ್ನು ಅಲ್ಲಿ ಯಾರೂ ಅಳು ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವರೆಲ್ಲ ಸೆರಗಿನಿಂದ ಮುಖ ಒರೆಸಿಕೊಂಡು ಚಹಾಕ್ಕೆ ಎದ್ದರು. ಅವರ ದುಃಖ ಒಂದು ವರ್ಷ ಹಳೆಯದು, ಅತ್ತು ಹಗುರವಾಗಿತ್ತು. ಆ ದೇಶದಲ್ಲಿ ನನ್ನ ಅಳು ಹೆಚ್ಚಾಗಿತ್ತು, ಈ ಅಂಗಳದಲ್ಲಿ ಕಡಿಮೆ ಬಿತ್ತು.

ವಿಮಾನ ಹಿಡಿಯಲು ಮರಳುವಾಗ ತಾಂಡೂರಿನ ನಾದಿನಿ ತಮ್ಮ ಗುರುತಿನವರ ಕಾರು ಕಳಿಸಿದ್ದರು. ಡ್ರೈವರ್ ಗೌಸ್ ಭಾಯಿ ಮಾತುಗಾರ. ಜಹೀರಾಬಾದ್ ಹತ್ತಿರ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಹಾಕಿಕೊಂಡಾಗ, ಅಶ್ವಿನಿ ತನ್ನ ಫೋನನ್ನು ಕಾರಿಗೆ ಜೋಡಿಸಿ ಆ ಸಂಗೀತ ಹಚ್ಚಿದಳು. ಗೌಸ್ ಭಾಯಿ ಮಾತು ನಿಲ್ಲಿಸಿದ.

‘ಇದ್ಯಾವ ಬಾಜಾ ರೀ ಅಕ್ಕಾ? ಒಂದ್ ಮಾತಿಲ್ಲ, ಖರೇ ದಿಲ್ ಹಿಂಡ್ತದ. ನಮ್ಮ ಅಬ್ಬಾನ ಮಯ್ಯತ್, ಮಣ್ಣ ಕೊಟ್ಟ ದಿನ ನೆನಪಾತು.’

‘ಬಂದ್ ಮಾಡಲೇನು?’ ಎಂದೆ.

‘ಬ್ಯಾಡ್ರಿ. ಇರ್ಲಿ.’

ಗಾಡಿಗಳು ಮುಂದೆ ಸರಿದವು. ಅವನು ತೋಳಿನಿಂದ ಕಣ್ಣೊರೆಸಿಕೊಂಡು ಗೇರ್ ಹಾಕಿದ. ಅಶ್ವಿನಿ ಮುಂದಕ್ಕೆ ಬಾಗಿ ಅವನ ಹೆಗಲ ಮೇಲೆ ಕೈಯಿಟ್ಟಳು. ನಾನು ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು, ಆ ಸಂಗೀತದಲ್ಲಿ ಇನ್ನೂ ನನ್ನಕ್ಕನನ್ನು ಹುಡುಕುತ್ತಿದ್ದೆ.