ಚೌಡಮ್ಮನ ಕಲ್ಲಿನೆದುರು ಬಾಯಿಬಿಟ್ಟ ಮೊಬೈಲು

ಕಾಡುದಾರಿಯ ಚೌಡಮ್ಮನ ಕಲ್ಲಿನ ಹತ್ತಿರ ಬಂದದ್ದೇ ನನ್ನ ಮೊಬೈಲು ತಾನಾಗಿಯೇ ಕಥೆ ಹೇಳತೊಡಗಿತು. ಹೆಗ್ಗರಣೆ ಕಡೆಯ ಜಲಪಾತಕ್ಕೆ ಚಾರಣ ಬರುವವರಿಗೆಂದು ನಾವು ಮಾಡಿದ, ಆಯಾ ಜಾಗ ಬಂದಾಗ ತಾನೇ ಶುರುವಾಗುವ ಆಡಿಯೋ ಗೈಡ್ ಅದು. ದನಿ ನನ್ನ ಜೊತೆಗಿದ್ದ ಊರಿನ ಹಿರಿಯ ರಾಮಣ್ಣನದೇ. ತಮ್ಮ ಮನೆ ಜಗಲಿಯಲ್ಲಿ ಕೂತು ಖುಷಿಯಿಂದ ಹೇಳಿದ್ದ ಕಥೆ ಇಲ್ಲಿ ಕೇಳಿಸಿದ್ದೇ ಅವರು ಗಾಬರಿಯಾಗಿ ಹೆಗಲ ಟವೆಲನ್ನು ಫೋನಿನ ಮೇಲೆ ಒತ್ತಿಹಿಡಿದರು.

“ಇಲ್ಲಿ ನಾವು ಮಾತಾಡೂದಲ್ಲ ತಂಗಿ, ಚೌಡಮ್ಮ ಮಾತಾಡೂದು.”

ಫೋನ್ ಆಫ್ ಮಾಡಿದೆ. ಇನ್ನೂ ಕಣ್ಣಿಗೆ ಬೀಳದ ಜಲಪಾತದ ಮೊರೆತ, ಆ ಕಲ್ಲಿನೊಳಗಿಂದಲೇ ಎದ್ದು ಬಂದಂತೆ ಕೇಳಿಸಿತು. ಎಷ್ಟೋ ಸಲ ಇದೇ ದಾರಿಯಲ್ಲಿ ಓಡಾಡಿದ್ದೆ, ಪ್ರತಿ ಸಲವೂ ಮಾತಾಡುತ್ತಲೇ!

ಆ ಕಥೆಯನ್ನೀಗ ದಾರಿಯ ಆರಂಭಕ್ಕೆ ಸರಿಸಿದ್ದೇವೆ. ಕಲ್ಲು ಬಂದಾಗ ಗೈಡ್ ಸುಮ್ಮನಾಗುತ್ತದೆ. ಮೊಬೈಲು ಕೆಟ್ಟಿತೆಂದುಕೊಂಡು ಜನ ತಲೆಯೆತ್ತುತ್ತಾರೆ. ಆಮೇಲೆ ಯಾರೂ ಮಾತಾಡುವುದಿಲ್ಲ.