ಪೆನ್‌ಡ್ರೈವಿಗೆ ತುಂಬಿದ ತೊಟ್ಟಿಲ ಪದಗಳು

ಫೋನಿನಲ್ಲಿ ಟೈಪ್ ಮಾಡಲು ಕಲಿತು ಇನ್ನೂ ಎರಡು ತಿಂಗಳು. ಒಂದೇ ಬೆರಳಲ್ಲಿ ಒತ್ತುತ್ತೇನೆ. ಸುತ್ತಿ ಬಳಸಿ ಹೇಳುವಷ್ಟು ಬೆರಳಿಗೆ ಶಕ್ತಿಯಿಲ್ಲ, ಅದಕ್ಕೇ ತಪ್ಪು ನನ್ನದೇ ಎಂದು ಮೊದಲೇ ಒತ್ತಿಬಿಡುತ್ತೇನೆ.

ಮೊಮ್ಮಗಳ ಮಗುವಿಗೆ ಬೇತಮಂಗಲದಲ್ಲಿ ತೊಟ್ಟಿಲು ಶಾಸ್ತ್ರ. ನಮ್ಮಲ್ಲಿ ತೊಟ್ಟಿಲ ಪದ ಬರುವುದು ಇಬ್ಬರಿಗೇ, ನನಗೆ ಮತ್ತು ನನ್ನ ವಾರಗಿತ್ತಿಗೆ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಬಂಗಾರಪೇಟೆಯ ಈ ಮನೆಗೆ ಬಂದಾಗಿನಿಂದ ನಮ್ಮಿಬ್ಬರದೂ ಒಂದೇ ಒಲೆ. ಈಗ ಅವಳಿಗೆ ಉಬ್ಬಸ. ಅಷ್ಟು ಜನರ ಮುಂದೆ ಉಸಿರು ಕಟ್ಟೀತು ಎಂದು ಮನೆಯಲ್ಲೇ, ಸುಧಾರಿಸಿಕೊಂಡು, ಮೂರು ದಿನ ನನ್ನ ಫೋನಿಗೆ ಹಾಡಿದಳು.

"ನಾನು ಸತ್ಮೇಲೂ ಆ ಮಗೀಗೆ ನನ್ನ ದನಿ ಇರ್ಲಿ ಕಣೆ" ಎಂದಳು.

ಕೇಳಿ ನೋಡಿದೆ. ಪದಕ್ಕಿಂತ ಕೆಮ್ಮೇ ಜಾಸ್ತಿ. ಎಲ್ಲವನ್ನೂ ಅಳಿಸಿದೆ. ಅವೇ ಪದಗಳನ್ನು ದನದ ಕೊಟ್ಟಿಗೆಯಲ್ಲಿ ಕೂತು ನಾನೇ ಹಾಡಿ ತುಂಬಿದೆ. ಆಮೇಲೆ ಅವಳ ಹತ್ತಿರ ಹೋಗಿ, "ಪೋನು ನಿನ್ನ ದನಿ ಇಡ್ಕಂಡಿಲ್ಲ ಅಕ್ಕ, ತೀರಾ ಸಣ್ಣಗೈತೆ" ಎಂದೆ. "ಓಗ್ಲಿ ಬಿಡು" ಎಂದು ಅವಳು ಅವರೆಕಾಯಿ ಸುಲಿಯಲು ಕೂತಳು.

ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸುವುದನ್ನು ಸೊಸೆ ಹೇಳಿಕೊಟ್ಟಿದ್ದಳು. ಫೋನಿನಲ್ಲಿದ್ದವೆಲ್ಲ ಕಂಪ್ಯೂಟರಿನ ಹಾಡಿನ ಪಟ್ಟಿಗೆ ಬಂದು ಕೂತವು. ನಾನು ತುಂಬಿದ್ದು ಒಂಬತ್ತು ಪದ, ಪಟ್ಟಿಯಲ್ಲಿ ಎಪ್ಪತ್ತಕ್ಕೂ ಮೇಲಿದ್ದವು. ಕಂಪ್ಯೂಟರಿನೊಳಗೆ ಮೊದಲೇ ಇದ್ದ ಹಾಡುಗಳಿರಬೇಕು, ಪುಕ್ಕಟೆ ಬಂದದ್ದನ್ನು ಯಾಕೆ ಬಿಡಲಿ ಎಂದು ಎಲ್ಲಕ್ಕೂ ಗುರುತು ಹಾಕಿ ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ಯಾರನ್ನೂ ಕೇಳಲಿಲ್ಲ. ನನಗೇ ಬರುತ್ತದೆಂಬ ಜಂಬ.

ಶಾಸ್ತ್ರದ ದಿನ ಮೈಕ್ ಸೆಟ್ಟಿನವನು ಅದನ್ನು ಸಿಕ್ಕಿಸಿದ. ಶಾಮಿಯಾನದ ತುಂಬ ನನ್ನ ದನಿ. ಮಗು ತೊಟ್ಟಿಲಲ್ಲಿ, ಹಗ್ಗ ಅಕ್ಕನ ಕೈಯಲ್ಲಿ. ಮೂರು ಪದ ಚೆನ್ನಾಗಿ ನಡೆದವು. ನಾಲ್ಕನೆಯದಕ್ಕೆ ಪದ ಬರಲಿಲ್ಲ.

"ಅಲೋ, ಊಟ ಆಯ್ತೇನೇ?"

ಅದೂ ನನ್ನದೇ ದನಿ. ಫೋನು ನನ್ನ ಚೀಲದಲ್ಲಿದೆ, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೇನೆ, ಮೇಲೆ ಎರಡು ಸ್ಪೀಕರಿನಿಂದ ನಾನೇ ಮಾತಾಡುತ್ತಿದ್ದೇನೆ. ನಂದಿದುರ್ಗ ಚಿನ್ನದ ಗಣಿಯ ಕೂಲಿಕಾರರ ಲೈನ್‌ಮನೆಯಲ್ಲಿರುವ ನನ್ನ ತಂಗಿ ಉತ್ತರ ಕೊಟ್ಟಳು.

"ಆಯ್ತು. ನಿನ್ನ ವಾರಗಿತ್ತಿ ಪದ ಏಳಿ ಮುಗಿಸಿದ್ಲಾ?"

"ಪದ ಎಲ್ಲಿ ಬತ್ತದೆ, ಬರೀ ಕೆಮ್ಮು. ಎಲ್ಲಾ ಅಳಿಸ್ಬುಟ್ಟೆ. ಪೋನು ಇಡ್ಕಂಡಿಲ್ಲ ಅಂತ ಏಳ್ದೆ. ನಂಬ್ಬುಟ್ಲು ಪಾಪ."

ಆಮೇಲೆ ನಾವಿಬ್ಬರೂ ನಕ್ಕದ್ದು. ಎಷ್ಟು ಹೊತ್ತು ನಕ್ಕಿದ್ದೆವೋ, ಶಿವನೇ. ಕರೆ ಮಾಡಿ ಆಡಿದ ಮಾತನ್ನೆಲ್ಲ ಈ ಫೋನು ತನ್ನಷ್ಟಕ್ಕೆ ತಾನೇ ಎತ್ತಿಟ್ಟುಕೊಳ್ಳುತ್ತದೆ ಎಂದು ಸೊಸೆ ನನಗೆ ಹೇಳಿದ್ದು ಆಮೇಲೆ, ಅವಳೇ ಓಡಿಹೋಗಿ ಪೆನ್‌ಡ್ರೈವನ್ನು ಕಿತ್ತುಕೊಂಡು ಬಂದ ಮೇಲೆ.

ತೊಟ್ಟಿಲು ನಿಂತಿತ್ತು. ಅಕ್ಕ ನನ್ನ ಕಡೆ ತಿರುಗಲಿಲ್ಲ. ಮೈಕಿನವನನ್ನು ಕೇಳಿದಳು, "ಮುಗೀತೇನಪ್ಪ, ಇನ್ನೂ ಐತಾ?"

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಬೇರೆ ಸೀಟು ಹಿಡಿದಳು. ನಾನು ಅವಳ ಜಡೆಯ ಗಂಟನ್ನೇ ನೋಡುತ್ತಾ ಕೂತೆ. ಸ್ವಲ್ಪ ದೂರ ಬಂದ ಮೇಲೆ ಎದ್ದು ಕಂಬಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಪೋನ್ ತೆಗಿ."

"ತಪ್ಪಾಯ್ತು ಅಕ್ಕ."

"ಅದುನ್ನ ಮನೇಲಿ ನೋಡ್ಕಳಾನ. ಆ ಕೆಂಪುದ್ನ ಒತ್ತು."

ಒತ್ತಿದೆ. ಬಸ್ಸಿನ ಗಲಾಟೆಯಲ್ಲೇ ತೊಟ್ಟಿಲ ಪದ ಎತ್ತಿದಳು. ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತ. ಕೆಮ್ಮು ಬಂದಾಗ ನಿಲ್ಲಿಸಲೆಂದು ಬೆರಳು ಇಟ್ಟೆ. ನನ್ನ ಮಣಿಕಟ್ಟು ಹಿಡಿದಳು.

"ಕೆಮ್ಮೂ ಇರ್ಲಿ. ಅದೂ ನಂದೇ ಅಲ್ವಾ."

ಎರಡನೇ ಪದದ ನಡುವೆ, ಜಾಗವಿಲ್ಲ, ಏನಾದರೂ ಅಳಿಸಿ ಎಂದು ಫೋನು ತೋರಿಸಿತು. ಓದಿ ಹೇಳಿದೆ. ಅವಳು ಏದುಸಿರು ಬಿಡುತ್ತಾ ಕಾದಳು. ನಾನು ಹಾಡಿ ತುಂಬಿದ್ದ ಒಂಬತ್ತು ಪದಗಳನ್ನೂ ಅಳಿಸಿ, ಮತ್ತೆ ಕೆಂಪು ಗುಂಡಿ ಒತ್ತಿದೆ.