ನಡುಮನೆಯ ಕ್ಯಾಮೆರಾ ಮತ್ತು ನನ್ನ ಮೂರು ದಿನ

ನಮ್ಮ ನಡುಮನೆಯ ತೊಲೆಯ ಮೇಲೆ ಕೋಳಿಮೊಟ್ಟೆ ಗಾತ್ರದ ಒಂದು ಬಿಳಿ ಕ್ಯಾಮೆರಾ ಕೂತಿದೆ. ಅದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಜೀವವಿಲ್ಲದ ವಸ್ತು, ಅದರ ತಪ್ಪೇನಿದೆ ಎನ್ನುವವರು ಇದ್ದಾರೆ. ಅವರು ನಮ್ಮ ಮನೆಗೆ ಬಂದು ಒಂದು ಬೆಳೆ ಹುಳು ಮೇಯಿಸಲಿ, ಆಮೇಲೆ ಮಾತಾಡೋಣ.

ನನ್ನ ತವರು ಕುದೂರಿನ ಹತ್ತಿರ. ಮದುವೆಯಾಗಿ ಬಂದದ್ದು ಚನ್ನಪಟ್ಟಣದ ಕಡೆಯ ಹಳ್ಳಿಗೆ, ರೇಷ್ಮೆ ಹುಳು ಮೇಯಿಸುವ ಮನೆಗೆ. ಅನುಕೂಲ ಇದ್ದವರು ತೋಟದಲ್ಲಿ ಹುಳುಮನೆಯನ್ನೇ ಬೇರೆ ಕಟ್ಟಿಸಿಕೊಂಡಿದ್ದಾರೆ. ನಮಗೆ ನಡುಮನೆಯೇ ಹುಳುಮನೆ. ಗೋಡೆಯುದ್ದಕ್ಕೂ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ಬಿದಿರಿನ ತಟ್ಟೆ, ತಟ್ಟೆಯ ತುಂಬ ಹುಳು. ಉಳಿದ ಜಾಗದಲ್ಲಿ ನಾವು. ಊಟ, ನಿದ್ದೆ, ಸೀರೆ ಬದಲಾಯಿಸುವುದು, ಜಗಳ, ಎಲ್ಲವೂ ಆ ತಟ್ಟೆಗಳ ಸಂದಿಯಲ್ಲೇ ನಡೆಯಬೇಕು.

ಹುಳು ಮೇಯುವಷ್ಟು ದಿನ ಹೊರಗಿನವರು ಒಳಗೆ ಕಾಲಿಡುವ ಹಾಗಿಲ್ಲ. ರೋಗ ಬರುತ್ತದೆಂಬ ಭಯ. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡರಲ್ಲೂ ಸುಣ್ಣದ ಪುಡಿ ಹರಡಿದ ಗೋಣಿಚೀಲ, ಪಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬಕೆಟ್ಟು. ಮನೆಯವರೂ ಅದರಲ್ಲಿ ಕೈಕಾಲು ತೊಳೆದೇ ಒಳಗೆ ಬರಬೇಕು. ನೆಂಟರು ಬಂದರೆ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತೇವೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಎಲ್ಲರ ಮನೆಯಲ್ಲೂ ಅದೇ ಕಟ್ಟುಪಾಡು. ಬೆನ್ನು ಮುರಿಯುವಷ್ಟು ಕೆಲಸವಿದ್ದರೂ ನನಗೆ ಆ ದಿನಗಳು ಇಷ್ಟವಾಗಿದ್ದವು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಗೊಂದು ಹಳೇ ಟವಲು ಸುತ್ತಿ, ಅತ್ತೆ ಆ ಕಡೆ ನಾನು ಈ ಕಡೆ ಸೊಪ್ಪು ಹಾಕುತ್ತ ಊರಿನವರನ್ನೆಲ್ಲ ಆಡಿಕೊಂಡು ನಗುತ್ತಿದ್ದೆವು. ಆ ಮನೆಯಲ್ಲಿ ಸೆರಗಿನ ಯೋಚನೆ ಇಲ್ಲದೆ ನಾನು ಓಡಾಡಿದ್ದು ಆಗ ಮಾತ್ರ.

ಗಂಡನ ತಮ್ಮನಿಗೆ ಚನ್ನಪಟ್ಟಣದಲ್ಲಿ ಮೊಬೈಲ್ ಅಂಗಡಿ ಇದೆ. ಈಚೆಗೆ ಮನೆಮನೆಗೆ ಹೋಗಿ ಕ್ಯಾಮೆರಾ ಹಾಕುವ ಕೆಲಸವನ್ನೂ ಹಚ್ಚಿಕೊಂಡಿದ್ದಾನೆ. ಒಂದು ದಿನ ನಮ್ಮ ಮನೆಗೂ ತಂದ. ವೈರೇ ಬೇಡ, ವೈಫೈನಲ್ಲಿ ನಡೆಯುತ್ತದೆ, ಇಲಿ ಹಲ್ಲಿ ಬಂದರೆ ಫೋನಿಗೆ ಮೆಸೇಜು ಬರುತ್ತದೆ ಎಂದೆಲ್ಲ ಹೇಳಿ ತೊಲೆಗೆ ಹೊಡೆದ. ನನ್ನ ಗಂಡನ ಫೋನಿಗೆ ಹಾಕಿಕೊಟ್ಟ, ತನ್ನ ಫೋನಿಗೆ ಹಾಕಿಕೊಂಡ, ಕನಕಪುರಕ್ಕೆ ಕೊಟ್ಟ ನಾದಿನಿಯ ಫೋನಿಗೂ ಹಾಕಿದ. ನಾನು ನನ್ನ ಫೋನು ಮುಂದೆ ಹಿಡಿದೆ.

"ನಿಮಗ್ಯಾಕತ್ಗೆ, ನೀವು ಒಳಗೇ ಇರ್ತೀರಲ್ಲ" ಎಂದ.

ಆ ಮಾತು ನನಗೆ ಆಗ ನಾಟಲಿಲ್ಲ. ಹೌದಲ್ಲ, ನಾನು ಒಳಗೇ ಇರುತ್ತೇನಲ್ಲ ಎಂದು ಪೆದ್ದುಪೆದ್ದಾಗಿ ನಕ್ಕು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆ ನಗುವನ್ನು ನೆನೆದರೆ ನನ್ನ ಮೇಲೇ ನನಗೆ ಕೋಪ ಬರುತ್ತದೆ.

ಎರಡನೇ ದಿನವೋ ಮೂರನೇ ದಿನವೋ ತೊಲೆಯೇ ಮಾತಾಡಿತು. "ಅತ್ಗೆ, ಆ ಮೂಲೆ ತಟ್ಟೆಗೆ ಸೊಪ್ಪು ಕಮ್ಮಿ ಆಗೈತೆ." ಸೆಖೆಗೆ ರವಿಕೆಯ ಎರಡು ಗುಂಡಿ ಬಿಚ್ಚಿಕೊಂಡು ಸ್ಟ್ಯಾಂಡಿಗೆ ಒರಗಿದ್ದೆ. ಸೆರಗು ಎಳೆದುಕೊಂಡು ಎದ್ದು ನಿಂತೆ. ಅದರಲ್ಲಿ ಮೈಕೂ ಇದೆ, ಸ್ಪೀಕರೂ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿಂದ ಮುಂದೆ ಗೋಡೆಯ ಕಡೆ ಮುಖ ಮಾಡಿ ಉಣ್ಣುವುದು ಕಲಿತೆ, ಸೀರೆ ಬದಲಾಯಿಸಲು ಕೊಟ್ಟಿಗೆಗೆ ಹೋಗುವುದು ಕಲಿತೆ. ಅತ್ತೆ ಊರಿನವರ ಮಾತು ಆಡುವುದನ್ನೇ ಬಿಟ್ಟರು. ಜಗಲಿ ದಾಟಿ ಒಳಗೆ ಬಾರದ ನೆಂಟರಿಷ್ಟರೆಲ್ಲ ಈಗ ತೊಲೆಯ ಮೇಲೆ ಕೂತಿದ್ದರು. ಅವರಿಗೆ ಕಾಲು ತೊಳೆಯಿರಿ ಎಂದು ಹೇಳುವುದಾದರೂ ಹೇಗೆ? ನನ್ನ ಗಂಡನಿಗೆ ಹೇಳಿಕೊಂಡರೆ, "ನಮ್ಮೋರೇ ಅಲ್ವೇನಮ್ಮಿ ನೋಡೋದು, ಏನೀಗ" ಎಂದ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಹೇಳಲು ನನಗೆ ನಾಚಿಕೆ ಇಲ್ಲ, ಇದ್ದದ್ದೂ ಆ ಕ್ಯಾಮೆರಾದಿಂದ ಹೊರಟುಹೋಯಿತು.

ನಮ್ಮ ಮನೆಯಲ್ಲಿ ಮುಟ್ಟಾದ ಹೆಂಗಸು ಮೂರು ದಿನ ಹುಳುವಿನ ಹತ್ತಿರ ಸುಳಿಯಬಾರದು. ಹುಳು ಕೆಡುತ್ತವೆ ಎಂಬ ನಂಬಿಕೆ. ಮೂರು ದಿನ ಹಿತ್ತಿಲ ಜಗಲಿ, ನಾಲ್ಕನೇ ದಿನ ತಲೆಗೆ ಸ್ನಾನ, ಆಮೇಲೆ ಒಳಗೆ. ಆದರೆ ಹುಳು ದೊಡ್ಡವಾಗಿ ಕೊನೆಯ ವಾರಕ್ಕೆ ಬಂದಾಗ ಮೇಯುವ ಪರಿ ನೋಡಬೇಕು. ಹಾಕಿದ ಸೊಪ್ಪು ಹಾಕಿದ ಹಾಗೇ ಖಾಲಿ. ಅತ್ತೆ ಒಬ್ಬರಿಂದ ಆಗುವ ಕೆಲಸವಲ್ಲ. ಮದುವೆಯಾದ ವರ್ಷವೇ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಬಾಯಿಬಿಟ್ಟು ಆಡಿದ ಒಪ್ಪಂದವಲ್ಲ. ಎರಡನೇ ದಿನ ಬೆಳಿಗ್ಗೆಯೇ ಅತ್ತೆ ಹಿತ್ತಿಲ ಬಾಗಿಲಿಗೆ ಬಂದು, "ತಲೆಗೆ ನೀರು ಉಯ್ಕಂಡ್ಯೇನವ್ವಾ?" ಎಂದು ಕೇಳುತ್ತಿದ್ದರು. ನನ್ನ ಒಣಗಿದ ಜಡೆ ಅವರ ಕಣ್ಣೆದುರಿಗೇ ಇರುತ್ತಿತ್ತು. "ಹ್ಞೂ ಅತ್ತೆ, ಉಯ್ಕಂಡೆ" ಎನ್ನುತ್ತಿದ್ದೆ. "ಹಂಗಾರೆ ಬಾ" ಎಂದು ಒಳಗೆ ಹೋಗುತ್ತಿದ್ದರು. ಅವರು ಕೇಳಿದ್ದರು, ನಾನು ಹೇಳಿದ್ದೆ, ಅಲ್ಲಿಗೆ ಮುಗಿಯಿತು. ಹನ್ನೊಂದು ವರ್ಷ ಹೀಗೇ ನಡೆದಿತ್ತು, ಹುಳುವೂ ಗೂಡು ಕಟ್ಟುತ್ತಲೇ ಇತ್ತು.

ಕ್ಯಾಮೆರಾ ಬಂದ ಮೇಲಿನ ಮೊದಲ ಬೆಳೆ ಕೆಟ್ಟಿತು. ಇನ್ನೆರಡು ದಿನಕ್ಕೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಹತ್ತಬೇಕಾಗಿದ್ದ ಹುಳುಗಳು ಊದಿಕೊಂಡು ಹಾಲಿನಂಥ ನೀರು ಸುರಿಸಿ ಸತ್ತವು. ನಾನು ಮತ್ತು ಅತ್ತೆ ಮಂಕರಿಗಟ್ಟಲೆ ಹೊತ್ತು ತೋಟದ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆವು. ಸತ್ತ ಹುಳುವಿನ ವಾಸನೆ ಕೈ ಬಿಟ್ಟಿರಲಿಲ್ಲ, ಅಷ್ಟರಲ್ಲಿ ಮೈದುನ ಬಂದು ಮಂಚದ ಮೇಲೆ ಕೂತು ಫೋನು ತೆಗೆದ. ಪಕ್ಕದಲ್ಲಿ ನನ್ನ ಗಂಡ. ಎದುರು ನೆಲದ ಮೇಲೆ ಅತ್ತೆ, ಖಾಲಿ ತಟ್ಟೆ ಒರೆಸುತ್ತ ಕೂತಿದ್ದರು.

"ಎಲ್ಲಾ ರೆಕಾರ್ಡ್ ಆಗೈತೆ ಕಣಣ್ಣ" ಎಂದು ಬೆರಳಲ್ಲಿ ಹಿಂದಕ್ಕೆ ಎಳೆಯುತ್ತ ಹೋದ. "ಇಲ್ನೋಡು. ಸೋಮವಾರ ಅತ್ಗೆ ಒಳಗೇ ಬಂದಿಲ್ಲ. ಮಂಗಳವಾರ ಬೆಳಿಗ್ಗೆಗೆಲ್ಲಾ ಬಂದು ಸೊಪ್ಪು ಹಾಕವ್ರೆ. ನೀನೇ ಲೆಕ್ಕ ಹಾಕು."

ಗಂಡನ ತಮ್ಮ ನನ್ನ ಮುಟ್ಟಿನ ದಿನಗಳನ್ನು ಬೆರಳಲ್ಲಿ ಎಣಿಸಿದ. ನನ್ನೆದುರಿಗೇ, ನಾನು ಕೊಟ್ಟ ಕಾಫಿ ಕುಡಿಯುತ್ತಲೇ.

ನನ್ನ ಗಂಡ ತಲೆ ಎತ್ತಿ, "ಹೌದೇನಮ್ಮಿ?" ಎಂದ. ನಾನು ಅತ್ತೆಯ ಮುಖ ನೋಡಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು, ನಾನೇ ಕರೆದೆ ಎಂದಿದ್ದರೆ ಸಾಕಿತ್ತು. ಅವರು ತಟ್ಟೆ ಒರೆಸುತ್ತಲೇ ಇದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ಸಿಟ್ಟು ಬಂದರೆ ನನಗೆ ಅಳು ಬರುತ್ತದೆ, ಅದು ನನ್ನ ದೌರ್ಬಲ್ಯ. ಅವತ್ತು ಬರಲಿಲ್ಲ. ಹೋಗಿ ಅವನ ಕೈಯಿಂದ ಫೋನು ಕಿತ್ತುಕೊಂಡೆ. ಬೆರಳಲ್ಲಿ ಹಿಂದಕ್ಕೆ ಎಳೆಯುವುದಕ್ಕೆ ಯಾವ ಕಾಲೇಜು ಓದಬೇಕು? ಸೋಮವಾರ ದಾಟಿಸಿ, ಭಾನುವಾರ ದಾಟಿಸಿ, ಅದರ ಹಿಂದಿನ ಗುರುವಾರಕ್ಕೆ ಹೋದೆ. ಅವತ್ತು ವೈಫೈ ಸಿಗುತ್ತಿಲ್ಲವೆಂದು ಕ್ಯಾಮೆರಾ ಸರಿಮಾಡಲು ಇವನೇ ಬಂದಿದ್ದ. ನಾನು ಒಲೆಯ ಮುಂದಿದ್ದೆ, ಮಾತು ಮಾತ್ರ ಕೇಳಿಸಿಕೊಂಡಿದ್ದೆ.

ವೈಫೈ ಇಲ್ಲದಿದ್ದರೂ ಕ್ಯಾಮೆರಾ ತನ್ನೊಳಗಿನ ಕಾರ್ಡಿನಲ್ಲಿ ಎಲ್ಲವನ್ನೂ ಹಿಡಿದಿತ್ತು. ಶೂ ಹಾಕಿಕೊಂಡೇ ಸುಣ್ಣದ ಚೀಲವನ್ನು ದಾಟಿ ಒಳಗೆ ಬಂದ. ಬಕೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ತಟ್ಟೆಯಿಂದ ಒಂದು ಹುಳು ಎತ್ತಿ ಅಂಗೈಯಲ್ಲಿಟ್ಟು ಆಡಿಸಿ ವಾಪಸು ಬಿಟ್ಟ. ಅವನ ಮಾತೂ ಇತ್ತು: "ಈಗ ಇನ್ನೊಂದು ಹುಳುಮನೆಗೆ ಕ್ಯಾಮೆರಾ ಹಾಕ್ಬುಟ್ಟು ಬತ್ತಿವ್ನಿ ಕಣಣ್ಣ. ಅವರ ಹುಳ ಯಾಕೋ ಮೇಯ್ತಾನೇ ಇಲ್ವಂತೆ."

"ಇದ್ನೂ ಲೆಕ್ಕ ಹಾಕಿ" ಎಂದೆ.

ಅವನ ಕಾಲಿನಿಂದಲೇ ರೋಗ ಬಂತು ಎಂದು ನಾನು ಆಣೆ ಮಾಡಿ ಹೇಳಲಾರೆ. ಸೊಪ್ಪಿನಿಂದ ಬಂದಿರಬಹುದು, ಸೆಖೆಯಿಂದ ಬಂದಿರಬಹುದು. ಆದರೆ ನನ್ನ ಮೇಲೆ ಹೊರಿಸಲು ಅವರಿಗೆ ಆಣೆಯೂ ಬೇಕಿರಲಿಲ್ಲ, ಅನುಮಾನವೂ ಬರಲಿಲ್ಲ. ಮೈದುನ ಫೋನು ಇಸಕೊಂಡು ಜೇಬಿಗೆ ಹಾಕಿ, ಅಂಗಡಿಗೆ ಹೊತ್ತಾಯಿತು ಎಂದು ಎದ್ದ. ನನ್ನ ಗಂಡ ಹೇಳಿದ: "ಆಯ್ತು ಬುಡಮ್ಮಿ, ಆಗಿದ್ದಾಯ್ತು. ಮನೆ ಮಾತ ದೊಡ್ಡದು ಮಾಡಬ್ಯಾಡ."

ತಪ್ಪು ನನ್ನದಾದರೆ ವಿಚಾರಣೆ, ತಮ್ಮನದಾದರೆ ಬುಡು. ಈ ಒಂದು ಮಾತಿಗೆ ನನ್ನ ಗಂಡನನ್ನು ನಾನಿನ್ನೂ ಪೂರ್ತಿ ಕ್ಷಮಿಸಿಲ್ಲ. ಅವನಿಗೂ ಅದು ಗೊತ್ತಿದೆ.

ಸಂಜೆ ಹಿತ್ತಿಲಲ್ಲಿ ತಟ್ಟೆ ತೊಳೆಯುವಾಗ ಅತ್ತೆಯನ್ನು ಕೇಳಿಯೇಬಿಟ್ಟೆ. "ಯಾಕತ್ತೆ ಬಾಯಿ ಬಿಡ್ಲಿಲ್ಲ?"

ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೆ ಒರಗಿಸಿದರು. "ಗಂಡಸ್ರ ಮುಂದೆ ಏನಂತ ಹೇಳ್ಲವ್ವಾ" ಎಂದರು. ಆಮೇಲೆ, "ನಮ್ಮತ್ತೇನೂ ಹಿಂಗೇ ಕೇಳೋರು. ನಾನೂ ಉಯ್ಕಂಡೆ ಅಂತ್ಲೇ ಹೇಳ್ತಿದ್ದೆ."

ಅದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತೇನೋ. ಸಿಟ್ಟು ಇನ್ನೂ ಹೆಚ್ಚಾಯಿತು. ಸೊಸೆಯಾಗಿ ಅವರೂ ಸುಳ್ಳು ಹೇಳಿದವರೇ, ಅವರತ್ತೆಯೂ ಅದು ಗೊತ್ತಿದ್ದೇ ಕೇಳಿದವರು. ಅಷ್ಟು ವರ್ಷ ಈ ಮನೆಯ ಹುಳು ಬದುಕಿದ್ದೇ ಆ ಸುಳ್ಳಿನಿಂದ. ಆದರೂ ಸಿಕ್ಕಿಬಿದ್ದ ದಿನ ತಲೆ ತಗ್ಗಿಸಬೇಕಾದವಳು ನಾನೊಬ್ಬಳೇ.

ಮುಂದಿನ ಬೆಳೆಗೂ ಕ್ಯಾಮೆರಾ ಇಳಿಯಲಿಲ್ಲ. ಮೈದುನ ಮಾತ್ರ ಕಾಲು ತೊಳೆಯುವುದು ಕಲಿತಿದ್ದ. ಹುಳು ಕೊನೆಯ ವಾರಕ್ಕೆ ಬಂದವು, ನನ್ನ ದಿನಗಳೂ ಆಗಲೇ ಬಂದವು. ಮೊದಲ ದಿನ ಹಿತ್ತಿಲ ಜಗಲಿಯಲ್ಲಿ ಕೂತಿದ್ದೆ. ಒಳಗೆ ಅತ್ತೆ ಒಬ್ಬರೇ ಏದುಸಿರು ಬಿಡುತ್ತ ಓಡಾಡುವುದು ಕೇಳಿಸುತ್ತಿತ್ತು. ಎರಡನೇ ದಿನ ಬೆಳಿಗ್ಗೆ ಅವರು ಬಾಗಿಲಿಗೆ ಬಂದರು, ತೊಲೆಯ ಕಡೆ ಒಮ್ಮೆ ತಿರುಗಿ ನೋಡಿದರು. ಆ ಪ್ರಶ್ನೆ ಕೇಳಲೂ ಅವರಿಗೆ ಈಗ ಹೆದರಿಕೆ.

ನಾನು ಎದ್ದೆ. ಬಕೆಟ್ಟಿನಲ್ಲಿ ಕೈಕಾಲು ತೊಳೆದೆ, ಸುಣ್ಣದ ಚೀಲದ ಮೇಲೆ ಕಾಲೂರಿ ಒಳಗೆ ಹೋದೆ. ತೊಲೆಯ ಕೆಳಗೆ ನಿಂತು ಮುಖ ಮೇಲೆ ಮಾಡಿದೆ.

"ಚನ್ನಪಟ್ಟಣದಲ್ಲಿರೋರು, ಕನಕಪುರದಲ್ಲಿರೋರು, ಎಲ್ಲಾರೂ ಕೇಳಿಸ್ಕಳಿ. ಇವತ್ತು ನನಗೆ ಎರಡನೇ ದಿನ. ತಲೆಗೆ ನೀರು ಉಯ್ಕಂಡಿಲ್ಲ. ಹುಳಕ್ಕೆ ಸೊಪ್ಪು ಹಾಕ್ತಾ ಇದೀನಿ. ಬ್ಯಾಡ ಅನ್ನೋರು ಬಂದು ನೀವೇ ಹಾಕಿ."

ಸ್ಪೀಕರು ಒಂದು ಸಲ ಕರ್ ಎಂದಿತು. ಯಾರೋ ಆ ಕಡೆ ಇದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆ ಬೆಳೆ ಚೆನ್ನಾಗಿ ಬಂತೆಂದು ಹೇಳಿ ಗೆದ್ದೆ ಎನ್ನುವ ಆಸೆ ನನಗಿಲ್ಲ. ಬಂತು. ಬರದಿದ್ದರೂ ನಾನು ಅವತ್ತು ಒಳಗೆ ಹೋಗುತ್ತಿದ್ದೆ.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಈ ಸಲ ಅವರು ತೊಲೆಯ ಕಡೆ ನೋಡಲಿಲ್ಲ. ಏನೂ ಕೇಳಲೂ ಇಲ್ಲ. ಸೊಪ್ಪಿನ ಮಂಕರಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಬಾಡೋಯ್ತದೆ, ಹಾಕವ್ವಾ" ಎಂದರು.